ಖಾತೆ ಬರೆಯುವ ಕೈಗೆ ಕರಾರು ಏಕೆ ಭಾರ?

ಪ್ರಶ್ನೆ: ಮೇಡಂ, ನನಗೆ 19 ವರ್ಷ. ಹಾವೇರಿ ಜಿಲ್ಲೆಯ ಹಳ್ಳಿಯವಳು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದೆ. ಈಗ ಬಿ.ಕಾಂ. ಎರಡನೇ ವರ್ಷ. ಜೊತೆಗೆ ಸಿ.ಎ. ಫೌಂಡೇಷನ್ ಪರೀಕ್ಷೆ ಬರೆದಿದ್ದೆ. ಅಕೌಂಟಿಂಗ್‌ನಲ್ಲಿ 71 ಬಂತು, ಬಿಸಿನೆಸ್ ಲಾದಲ್ಲಿ 27. ಅದೊಂದರಿಂದ ಇಡೀ ಪರೀಕ್ಷೆಯೇ ಹೋಯಿತು. ಲೆಕ್ಕದಲ್ಲಿ ತಪ್ಪಾದರೆ ಬ್ಯಾಲೆನ್ಸ್ ಶೀಟ್ ಕೂಡುವುದಿಲ್ಲ, ತಕ್ಷಣ ಗೊತ್ತಾಗುತ್ತದೆ. ಕರಾರು ಕಾಯ್ದೆಯಲ್ಲಿ ಎರಡು ಪುಟ ಬರೆದ ಮೇಲೂ ಸರಿ ಬರೆದೆನೋ ಇಲ್ಲವೋ ತಿಳಿಯುವುದಿಲ್ಲ. ಗೆಳತಿಯರು ಕಲಂಗಳನ್ನೆಲ್ಲ ಬಾಯಿಪಾಠ ಮಾಡುತ್ತಾರೆ. ನನಗೆ ಇವತ್ತು ಓದಿದ್ದು ನಾಳೆಗೆ ಇರುವುದಿಲ್ಲ. ಆ ಇಂಗ್ಲಿಷ್ ವಾಕ್ಯಗಳ ಕೊನೆ ತಲುಪುವಷ್ಟರಲ್ಲಿ ಮೊದಲು ಏನಿತ್ತೆಂಬುದೇ ಮರೆತಿರುತ್ತದೆ.

ಇನ್ನೊಂದು ಮಾತು. ಅಪ್ಪ ಬ್ಯಾಡಗಿಯ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತರು. ಮೂರು ವರ್ಷದ ಹಿಂದೆ ಗೆಳೆಯರೊಬ್ಬರ ಸಾಲಕ್ಕೆ ಸೊಸೈಟಿಯಲ್ಲಿ ಜಾಮೀನು ಸಹಿ ಹಾಕಿದ್ದರು. ಅವರು ಕಂತು ನಿಲ್ಲಿಸಿದ್ದಾರೆ, ಸೊಸೈಟಿಯವರು ಈಗ ಅಪ್ಪನಿಗೆ ನೋಟಿಸ್ ಕಳಿಸಿದ್ದಾರೆ. ‘ಸಾಲ ತಗೊಂಡವನು ನಾನಲ್ಲ, ನನ್ನನ್ಯಾಕೆ ಕೇಳ್ತಾರ?’ ಎಂದು ಅಪ್ಪ ರಾತ್ರಿಯೆಲ್ಲ ನಿದ್ದೆಗೆಡುತ್ತಾರೆ. ಮನೆಯ ಪರಿಸ್ಥಿತಿ ಹೀಗಿರುವಾಗ ಮತ್ತೆ ಫೀ ಕಟ್ಟಲೇ? ಕಾನೂನು ತಲೆಗೆ ಹತ್ತದವಳು ಸಿ.ಎ. ಬಿಟ್ಟು ಬಿ.ಕಾಂ. ಮುಗಿಸಿ ಕೆಲಸ ಹುಡುಕುವುದು ಒಳ್ಳೆಯದಲ್ಲವೇ?
— ಹೆಸರು ಬೇಡ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಕಂಡದ್ದು 27 ಅಂಕ. ಎರಡನೇ ಸಲ ಕಂಡದ್ದು, ಕರಾರು ಕಾಯ್ದೆ ತಲೆಗೆ ಹತ್ತುವುದಿಲ್ಲ ಎನ್ನುವ ಹುಡುಗಿಯ ಮನೆಯಲ್ಲೇ ಆ ಕಾಯ್ದೆ ಕುಳಿತಿದೆ ಎಂಬುದು. ಅಪ್ಪ ಕೇಳುತ್ತಿರುವ ಪ್ರಶ್ನೆಗೆ ಉತ್ತರ ನಿಮ್ಮ ಪಠ್ಯದಲ್ಲೇ ಇದೆ. ಅಲ್ಲಿಗೆ ಆಮೇಲೆ ಬರುತ್ತೇನೆ. ಮೊದಲು ಅಂಕದ ವಿಚಾರ.

ಫೌಂಡೇಷನ್‌ನಲ್ಲಿ ನಾಲ್ಕು ಪತ್ರಿಕೆ. ಪ್ರತಿಯೊಂದರಲ್ಲೂ 40, ಒಟ್ಟಿನಲ್ಲಿ ಶೇ 50 ಬರಬೇಕು. ಅಕೌಂಟಿಂಗ್ ಮತ್ತು ಲಾ ಎರಡು ಬರೆಯುವ ಪತ್ರಿಕೆಗಳು, ಉಳಿದೆರಡು ಗುರುತು ಹಾಕುವಂಥವು. ಈ ಹಂತದಲ್ಲಿ ಪಾಸಾದ ವಿಷಯಕ್ಕೆ ವಿನಾಯಿತಿ ಇಲ್ಲದ್ದರಿಂದ ಮತ್ತೆ ನಾಲ್ಕನ್ನೂ ಬರೆಯಬೇಕು, ಅದು ನಿಜ. ಆದರೆ ಈಗ ಪರೀಕ್ಷೆ ವರ್ಷಕ್ಕೆ ಮೂರು ಬಾರಿ ನಡೆಯುತ್ತದೆ. ನಿಮಗೆ ಬೇಕಾಗಿರುವುದು 13 ಅಂಕ. ಅದಕ್ಕಾಗಿ ಬದುಕಿನ ದಾರಿಯನ್ನೇ ಬದಲಿಸುವ ಮೊದಲು ಆ 13 ಎಲ್ಲಿ ಸೋರಿತು ಎಂದು ನೋಡಿ. ಫಲಿತಾಂಶ ಬಂದ ಮೇಲೆ ಗಡುವಿನೊಳಗೆ ಅರ್ಜಿ ಹಾಕಿದರೆ ಉತ್ತರಪತ್ರಿಕೆಯ ಪ್ರಮಾಣಿತ ಪ್ರತಿ ಸಿಗುತ್ತದೆ. ಗಡುವು ಮೀರಿಲ್ಲವಾದರೆ ತರಿಸಿಕೊಳ್ಳಿ. ಸೋತ ಪತ್ರಿಕೆಗಿಂತ ಒಳ್ಳೆಯ ಗೈಡ್ ಪೇಟೆಯಲ್ಲಿ ಸಿಗುವುದಿಲ್ಲ.

ಪತ್ರಿಕೆ ನೋಡದೆಯೂ ನನಗೊಂದು ಅನುಮಾನವಿದೆ. ನಿಮ್ಮ ತೊಂದರೆ ನೆನಪಿನದಲ್ಲ. ಲೆಕ್ಕಕ್ಕೆ ಒಂದು ತಲೆ, ಕಾನೂನಿಗೆ ಇನ್ನೊಂದು ತಲೆ ಬೇಕೆಂದು ನೀವು ನಂಬಿದ್ದೀರಿ. ತೊಂದರೆ ಇರುವುದು ಅಲ್ಲಿ. ನಿಮ್ಮ ಅಕೌಂಟ್ಸ್ ಪುಸ್ತಕವನ್ನೇ ಒಮ್ಮೆ ತೆರೆಯಿರಿ.

ಕನ್ಸೈನ್‌ಮೆಂಟ್ ಖಾತೆ ಮಾಡಿದ್ದೀರಿ. ಸರಕು ಕಳಿಸಿದರೂ ಅದನ್ನು ಮಾರಾಟ ಎಂದು ಏಕೆ ಬರೆಯುವುದಿಲ್ಲ? ಸರಕು ಪಡೆದವನು ಕೊಂಡವನಲ್ಲ, ಮಾಲೀಕನ ಏಜೆಂಟ್. ಸರಕಿನ ಒಡೆತನ ಇನ್ನೂ ಕಳಿಸಿದವನಲ್ಲೇ ಇದೆ. ಇದು ಕರಾರು ಕಾಯ್ದೆಯ ಕಲಂ 182ರಿಂದ ಶುರುವಾಗುವ ಏಜೆನ್ಸಿಯ ಪಾಠ. ಡೆಲ್ ಕ್ರೆಡರೆ ಕಮಿಷನ್ ಏಕೆ ಹೆಚ್ಚುವರಿ? ಗಿರಾಕಿ ಹಣ ಕೊಡದಿದ್ದರೆ ನಷ್ಟ ತನ್ನದು ಎಂದು ಏಜೆಂಟ್ ಒಪ್ಪಿಕೊಂಡಿರುತ್ತಾನೆ. ಅದಕ್ಕೇ ಮುಳುಗಿದ ಸಾಲವನ್ನು ಅವನ ಲೆಕ್ಕಕ್ಕೆ ಹಾಕುತ್ತೀರಿ. ಪಾಲುದಾರಿಕೆಯಲ್ಲಿ ಗುಡ್‌ವಿಲ್‌ಗೆ ಬೆಲೆ ಕಟ್ಟುತ್ತೀರಿ. ಆ ಬೆಲೆಗೆ ಅರ್ಥ ಬರುವುದು ಮಾರಿದವನು ನಾಳೆ ಪಕ್ಕದಲ್ಲೇ ಅದೇ ಅಂಗಡಿ ತೆರೆಯದಿದ್ದರೆ ತಾನೇ? ಕಲಂ 27ರ ಪ್ರಕಾರ ವ್ಯಾಪಾರ ಮಾಡಬೇಡ ಎಂದು ಯಾರನ್ನೂ ಕಟ್ಟಿಹಾಕುವಂತಿಲ್ಲ. ಆ ಕಲಂ ಇಟ್ಟುಕೊಂಡ ವಿನಾಯಿತಿ ಎಂದರೆ ಗುಡ್‌ವಿಲ್ ಮಾರಾಟವೇ. ಇಷ್ಟು ದಿನ ನೀವು ಕಾನೂನಿನ ಕೊನೆಯ ಸಾಲನ್ನು ಜರ್ನಲ್ ಎಂಟ್ರಿಯಾಗಿ ಬರೆಯುತ್ತಿದ್ದಿರಿ. ಈಗ ಮೊದಲ ಸಾಲಿನಿಂದ ಓದಬೇಕಿದೆ, ಅಷ್ಟೆ.

ಇನ್ನು ಪುಸ್ತಕದ ಗಾತ್ರದ ಭಯ. ಭಾರತೀಯ ಕರಾರು ಕಾಯ್ದೆ ಜಾರಿಗೆ ಬಂದದ್ದು 1872ರ ಸೆಪ್ಟೆಂಬರ್ 1ರಂದು. ಆಗ ಅದರಲ್ಲಿ 266 ಕಲಂಗಳಿದ್ದವು. ಮನೆ ದೊಡ್ಡದಾಗಿ ಅಣ್ಣತಮ್ಮಂದಿರು ಬೇರೆಯಾದಂತೆ, 76ರಿಂದ 123ರವರೆಗಿನವು 1930ರಲ್ಲಿ ಸರಕು ಮಾರಾಟ ಕಾಯ್ದೆಯಾಗಿ, 239ರಿಂದ 266ರವರೆಗಿನವು 1932ರಲ್ಲಿ ಪಾಲುದಾರಿಕೆ ಕಾಯ್ದೆಯಾಗಿ ಹೊರಗೆ ಹೋದವು. ನಿಮ್ಮ ಪಠ್ಯದಲ್ಲಿ ಮೂರು ಬೇರೆ ಬೇರೆ ಅಧ್ಯಾಯಗಳಾಗಿ ಕಾಣುವವು ಒಂದೇ ತಾಯಿಯ ಮಕ್ಕಳು. ಉಳಿದ ಮೂಲ ಮನೆಯಲ್ಲಿ ಮೊದಲ 75 ಕಲಂಗಳು ಎಲ್ಲ ಕರಾರುಗಳಿಗೂ ಅನ್ವಯಿಸುವ ನಿಯಮ. 124ರಿಂದ ಮುಂದೆ ನಷ್ಟಭರ್ತಿ, ಜಾಮೀನು, ವಸ್ತುವನ್ನು ಒಪ್ಪಿಸಿ ಇಡುವುದು, ಗಿರವಿ, ಏಜೆನ್ಸಿ.

ಆ 75ಕ್ಕೂ ಬೆನ್ನೆಲುಬು ಒಂದೇ, ಕಲಂ 10. ಅದನ್ನು ಐದು ಪ್ರಶ್ನೆಗಳಾಗಿ ಒಡೆದು ಗೋಡೆಗೆ ಅಂಟಿಸಿಕೊಳ್ಳಿ. ಇಬ್ಬರ ಮಾತು ಕೂಡಿತೇ? ಅಂದರೆ ಒಬ್ಬರ ಪ್ರಸ್ತಾವಕ್ಕೆ ಇನ್ನೊಬ್ಬರ ಸ್ವೀಕಾರ ಸಿಕ್ಕಿತೇ. ಇಬ್ಬರಿಗೂ ಅರ್ಹತೆ ಇದೆಯೇ? ಅಂದರೆ ವಯಸ್ಸು 18 ತುಂಬಿದೆಯೇ, ಬುದ್ಧಿ ಸ್ಥಿಮಿತದಲ್ಲಿದೆಯೇ, ಕಾನೂನು ಅಡ್ಡಿ ಮಾಡಿಲ್ಲವೇ. ಒಪ್ಪಿಗೆ ಮನಃಪೂರ್ವಕವೇ, ಇಲ್ಲ ಬೆದರಿಕೆ, ವಂಚನೆ, ತಪ್ಪು ತಿಳಿವಳಿಕೆಯಿಂದ ಬಂದದ್ದೇ? ಪ್ರತಿಫಲ ಇದೆಯೇ, ಅದೂ ಉದ್ದೇಶವೂ ನ್ಯಾಯಸಮ್ಮತವೇ? ಕೊನೆಯದಾಗಿ, ಬಾಜಿ ಕಟ್ಟುವುದರಂತೆ ಕಾನೂನೇ ಶೂನ್ಯ ಎಂದು ಸಾರಿದ ಪಟ್ಟಿಯಲ್ಲಿ ಇದು ಇದೆಯೇ? ಕಲಂ 2ರಿಂದ 30ರವರೆಗಿನ ಎಲ್ಲವೂ ಈ ಐದು ಪ್ರಶ್ನೆಗಳ ಕೆಳಗೆ ಬಂದು ಕೂರುತ್ತವೆ. ಆಮೇಲೆ ಉಳಿಯುವುದು ಕರಾರನ್ನು ನಡೆಸುವುದು ಹೇಗೆ, ಮುರಿದರೆ ಏನು ಎಂಬುದು. ಲೆಡ್ಜರ್‌ನಲ್ಲಿ ಯಾವ ಎಂಟ್ರಿ ಯಾವ ಖಾತೆಗೆ ಎಂದು ಹುಡುಕುವವಳಿಗೆ ಇದು ಹೊಸ ಕೆಲಸವಲ್ಲ.

ಗೆಳತಿಯರಿಗೂ ತೊಡಕಾಗುವ ಒಂದು ಜೋಡಿ ಪದವನ್ನು ನಿಮ್ಮ ಭಾಷೆಯಲ್ಲೇ ಹೇಳುತ್ತೇನೆ. ವಾಯ್ಡ್ ಎಂದರೆ ಖಾತೆಯೇ ತೆರೆಯಲಿಲ್ಲ. ವಾಯ್ಡಬಲ್ ಎಂದರೆ ಖಾತೆ ತೆರೆದು ನಡೆಯುತ್ತಿದೆ, ಆದರೆ ಮೋಸಹೋದವನಿಗೆ ಅದನ್ನು ಮುಚ್ಚಿಸುವ ಹಕ್ಕಿದೆ. ಮುಚ್ಚಿಸಬೇಕೋ ನಡೆಸಿಕೊಂಡು ಹೋಗಬೇಕೋ ಎಂಬುದು ಅವನ ಇಷ್ಟ, ಮೋಸ ಮಾಡಿದವನದ್ದಲ್ಲ.

ಈಗ ತೀರ್ಪುಗಳು. ನೀವು ಅವನ್ನು ಹೆಸರು ಮತ್ತು ಇಸವಿಯ ಪಟ್ಟಿಯಾಗಿ ಓದುತ್ತಿರಬೇಕು. ಅದಕ್ಕೇ ಮರೆತುಹೋಗುತ್ತವೆ. ಜಗಳವಾಗಿ ಓದಿ. 1913ರಲ್ಲಿ ಅಲಹಾಬಾದ್ ಹೈಕೋರ್ಟ್ ಮುಂದೆ ಬಂದ ಲಾಲ್‌ಮನ್ ಶುಕ್ಲಾ ನಿಮ್ಮ ಅಪ್ಪನಂತೆಯೇ ಒಬ್ಬ ಮುನೀಮ. ಯಜಮಾನ ಗೌರಿ ದತ್ತನ ಮನೆಯ ಹುಡುಗ ಓಡಿಹೋದ. ಹುಡುಕಲು ಮುನೀಮನನ್ನು ಹರಿದ್ವಾರಕ್ಕೆ ಕಳಿಸಿದರು. ಅವನು ಹೋದ ಮೇಲೆ ಇತ್ತ ಯಜಮಾನ, ಹುಡುಕಿಕೊಟ್ಟವರಿಗೆ 501 ರೂಪಾಯಿ ಬಹುಮಾನ ಎಂದು ಕರಪತ್ರ ಹಂಚಿದ. ಮುನೀಮ ಹುಡುಗನನ್ನು ಪತ್ತೆ ಮಾಡಿದ. ಬಹುಮಾನದ ವಿಷಯ ತಿಳಿದದ್ದು ಆಮೇಲೆ. ಕೇಳಿದ, ಕೊಡಲಿಲ್ಲ, ಕೋರ್ಟಿಗೆ ಹೋದ, ಸೋತ. ಏಕೆ? ಹುಡುಕುವಾಗ ಅವನಿಗೆ ಆ ಪ್ರಸ್ತಾವ ಗೊತ್ತೇ ಇರಲಿಲ್ಲ. ಗೊತ್ತಿಲ್ಲದ ಮಾತಿಗೆ ಯಾರೂ ಹೂಂ ಅನ್ನಲಾರರು. ನಮ್ಮ ಮನಸ್ಸು ಮುನೀಮನ ಕಡೆಗೆ ವಾಲುತ್ತದೆ. ಕಾನೂನು ಕೇಳುವುದು ಮಾತು ಕೂಡಿತೇ ಎಂದು ಮಾತ್ರ. ಈ ಕಥೆಯನ್ನು ಊಟದ ಹೊತ್ತಿಗೆ ಅಪ್ಪನಿಗೆ ಹೇಳಿ ನೋಡಿ. ಅವರು ಸಿಟ್ಟಾದರೆ ನಿಮಗೆ ಆ ತೀರ್ಪು ಜನ್ಮದಲ್ಲಿ ಮರೆಯುವುದಿಲ್ಲ.

ಇನ್ನೊಂದು ನಮ್ಮ ಕಡೆಯ ಪೇಟೆಗಳಿಗೂ ಹತ್ತಿರದ್ದು. ಅಹಮದಾಬಾದಿನ ವರ್ತಕರೊಬ್ಬರು ಖಾಮಗಾಂವ್‌ನ ಎಣ್ಣೆ ಗಿರಣಿಗೆ ಫೋನ್ ಮಾಡಿ ಹತ್ತಿಕಾಳಿನ ಹಿಂಡಿ ಬೇಕೆಂದರು. ಅತ್ತಲಿಂದ ಒಪ್ಪಿಗೆ ಬಂತು, ಮಾಲು ಬರಲಿಲ್ಲ. ಕೇಸ್ ಹಾಕಬೇಕಾದದ್ದು ಎಲ್ಲಿ? ಒಪ್ಪಿಗೆ ಕಿವಿಗೆ ಬಿದ್ದ ಊರಿನಲ್ಲಿ ಕರಾರು ಹುಟ್ಟಿತು, ಆದ್ದರಿಂದ ಅಹಮದಾಬಾದಿನಲ್ಲಿ ಎಂದಿತು ಸುಪ್ರೀಂ ಕೋರ್ಟ್. ಭಗವಾನ್‌ದಾಸ್ ಕೇಡಿಯಾ ವಿರುದ್ಧ ಗಿರಿಧಾರಿಲಾಲ್ ಎಂದು ನಿಮ್ಮ ಪುಸ್ತಕದಲ್ಲಿ ಇರುವುದು ಇದೇ. ಕಾಗದದಲ್ಲಿ ವ್ಯವಹರಿಸಿದರೆ ಲೆಕ್ಕ ಬೇರೆ. ಒಪ್ಪಿಗೆಯ ಪತ್ರ ಅಂಚೆಗೆ ಬಿದ್ದ ಕ್ಷಣವೇ ಪ್ರಸ್ತಾವ ಇಟ್ಟವನು ಕಟ್ಟುಬಿದ್ದಂತೆ. ಫೋನಿಗೂ ಅಂಚೆಗೂ ಇರುವ ಈ ವ್ಯತ್ಯಾಸವೇ ಪರೀಕ್ಷೆಯ ಪ್ರಶ್ನೆ.

ಈಗ ಆ 13 ಅಂಕ ಸೋರುವ ಜಾಗ. ಪ್ರಶ್ನೆ ಹೀಗಿದೆ ಎಂದುಕೊಳ್ಳಿ. 17 ವರ್ಷದ ಹುಡುಗನೊಬ್ಬ ತನಗೆ 19 ಎಂದು ಸುಳ್ಳು ಹೇಳಿ ವರ್ತಕನಿಂದ 60,000 ರೂಪಾಯಿ ಸಾಲ ಪಡೆದು ಖರ್ಚು ಮಾಡಿದ. ವರ್ತಕ ವಸೂಲಿ ಮಾಡಬಹುದೇ? ಅರ್ಧ ತರಗತಿ ಬರೆಯುವುದು ಏನೆಂದರೆ, ಹುಡುಗ ಮೋಸ ಮಾಡಿದ್ದಾನೆ, ಹಣ ಕೊಡಲೇಬೇಕು. ಇದು ಪಂಚಾಯಿತಿ ಕಟ್ಟೆಯ ತೀರ್ಮಾನ, ಕಾನೂನಿನ ಉತ್ತರವಲ್ಲ. ಇನ್ನರ್ಧ ತರಗತಿ ಅಪ್ರಾಪ್ತರ ಬಗ್ಗೆ ಗೊತ್ತಿರುವುದನ್ನೆಲ್ಲ ಎರಡು ಪುಟ ಸುರಿಯುತ್ತದೆ. ಹುಡುಗ, ವರ್ತಕ, ಸುಳ್ಳು ಯಾವುದೂ ಅದರಲ್ಲಿ ಇರುವುದಿಲ್ಲ.

ಬರೆಯಬೇಕಾದದ್ದು ಮೂರು ಪ್ಯಾರಾ. ಮೊದಲನೆಯದು ನಿಯಮ: ಕಲಂ 11ರಂತೆ ಅಪ್ರಾಪ್ತನಿಗೆ ಕರಾರಿನ ಅರ್ಹತೆ ಇಲ್ಲ. 1903ರ ಮೋಹೋರಿ ಬೀಬಿ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಅಂಥ ಒಪ್ಪಂದ ಹುಟ್ಟಿನಿಂದಲೇ ಶೂನ್ಯ ಎಂದಿದೆ. ವಯಸ್ಸಿನ ಬಗ್ಗೆ ಸುಳ್ಳು ಹೇಳಿದರೂ ಅಪ್ರಾಪ್ತತೆಯ ರಕ್ಷಣೆ ಹೋಗುವುದಿಲ್ಲ. ಎರಡನೆಯದು ಈ ಹುಡುಗನಿಗೆ ಆ ನಿಯಮ ಹೇಗೆ ತಾಗುತ್ತದೆ: ಸಾಲ ಪಡೆದಾಗ 17, ಆದ್ದರಿಂದ ಕರಾರೇ ಇಲ್ಲ. ಹಣ ಖರ್ಚಾಗಿದೆ, ಕೈಯಲ್ಲಿ ಉಳಿದಿದ್ದನ್ನು ಮರಳಿಸು ಎನ್ನಲೂ ಏನೂ ಇಲ್ಲ. ಊಟ, ಬಟ್ಟೆ, ಓದಿನಂಥ ಅಗತ್ಯಕ್ಕೆ ಕೊಟ್ಟ ಹಣ ಎಂದು ಪ್ರಶ್ನೆ ಹೇಳಿಲ್ಲ. ಹೇಳಿದ್ದರೆ ಕಲಂ 68ರಂತೆ ಹುಡುಗನ ಆಸ್ತಿಯಿಂದ ಪಡೆಯಬಹುದಿತ್ತು. ಮೂರನೆಯದು ಒಂದೇ ಸಾಲು: ವರ್ತಕ ವಸೂಲಿ ಮಾಡಲಾರ. ನಿಯಮ, ಅನ್ವಯ, ತೀರ್ಮಾನ. ವೋಚರ್, ಜರ್ನಲ್, ಲೆಡ್ಜರ್ ಇದ್ದಂತೆ. ವೋಚರ್ ಇಲ್ಲದೆ ಎಂಟ್ರಿ ಹಾಕುವುದಿಲ್ಲ ಅಲ್ಲವೇ? ನಿಯಮ ಹೇಳದೆ ತೀರ್ಮಾನಕ್ಕೆ ಹಾರಬೇಡಿ. ‘ಸರಿ ಬರೆದೆನೋ ಇಲ್ಲವೋ ತಿಳಿಯುವುದಿಲ್ಲ’ ಎಂಬ ನಿಮ್ಮ ದೂರಿಗೂ ಉತ್ತರ ಇದೇ. ಮೂರೂ ಇದ್ದು ಒಂದಕ್ಕೊಂದು ಹೊಂದಿದರೆ ಉತ್ತರ ಟ್ಯಾಲಿ ಆಯಿತು. ಕಲಂ ಸಂಖ್ಯೆ ನೆನಪಾಗದಿದ್ದರೆ ‘ಕರಾರು ಕಾಯ್ದೆಯ ಪ್ರಕಾರ’ ಎಂದು ನಿಯಮವನ್ನು ಸರಿಯಾಗಿ ಬರೆಯಿರಿ. ತಪ್ಪು ಸಂಖ್ಯೆಗಿಂತ ಅದು ಮೇಲು.

ಇಂಗ್ಲಿಷಿನ ಮಾತು. ಸಿ.ಎ. ಪರೀಕ್ಷೆ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮಾತ್ರ, ಕನ್ನಡಕ್ಕೆ ಅವಕಾಶವಿಲ್ಲ. ಆದರೆ ಅರ್ಥ ಮಾಡಿಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಡ. ಪ್ರತಿ ಕಲಮನ್ನು ಮೊದಲು ಒಂದು ಕನ್ನಡ ವಾಕ್ಯ ಮಾಡಿ, ಆಮೇಲೆ ಅದರ ಇಂಗ್ಲಿಷ್‌ಗೆ ಹೋಗಿ. ಉದ್ದ ವಾಕ್ಯ ಬಂದಾಗ ಕ್ರಿಯಾಪದ ಹುಡುಕಿ, ಯಾರು ಯಾರಿಗೆ ಏನು ಮಾಡಬೇಕು ಎಂದು ಕೇಳಿ. ‘ಶಲ್’ ಇದ್ದರೆ ಮಾಡಲೇಬೇಕು, ‘ಮೇ’ ಇದ್ದರೆ ಮಾಡಬಹುದು. ‘ಅನ್‌ಲೆಸ್’ ಎಂಬಲ್ಲಿ ಪೆನ್ಸಿಲ್‌ನಿಂದ ಸುತ್ತು ಹಾಕಿ, ಪ್ರಶ್ನೆ ಕೇಳುವವರ ಕಣ್ಣು ಯಾವಾಗಲೂ ಅಲ್ಲೇ ಇರುತ್ತದೆ.

ಹೆಚ್ಚಿನವರು ಬಿಟ್ಟುಬಿಡುವ ಒಂದು ನಿಧಿಯೂ ಇದೆ. ಮೂಲ ಕಾಯ್ದೆಯ ಕಲಂಗಳ ಕೆಳಗೆ ಸಣ್ಣ ಸಣ್ಣ ಉದಾಹರಣೆಗಳಿವೆ. ಕಲಂ 25ರ ಕೆಳಗೆ ಹೋಗಿ. ‘ಎ’ ಎಂಬವನು ಪ್ರತಿಫಲವಿಲ್ಲದೆ ‘ಬಿ’ಗೆ 1,000 ರೂಪಾಯಿ ಕೊಡುತ್ತೇನೆಂದರೆ ಅದು ಶೂನ್ಯ. ‘ಬಿ’ ಕಳೆದುಕೊಂಡ ಪರ್ಸನ್ನು ‘ಎ’ ಹುಡುಕಿ ಕೊಟ್ಟ ಮೇಲೆ ‘ಬಿ’ 50 ರೂಪಾಯಿ ಕೊಡುತ್ತೇನೆಂದರೆ ಅದು ಕರಾರು. ಎರಡೇ ಉದಾಹರಣೆಯಲ್ಲಿ ನಿಯಮವೂ ವಿನಾಯಿತಿಯೂ ಬಂತು. ಗೈಡ್‌ನಲ್ಲಿ ಇದಕ್ಕೆ ನಾಲ್ಕು ಪುಟ ಬೇಕು. ಸಿ.ಎ. ಪರೀಕ್ಷೆ ನಡೆಸುವ ಸಂಸ್ಥೆಯ ಸ್ಟಡಿ ಮೆಟೀರಿಯಲ್, ಹಳೆಯ ಪ್ರಶ್ನೆಗಳಿಗೆ ಅವರೇ ಕೊಡುವ ಮಾದರಿ ಉತ್ತರಗಳು ಪುಕ್ಕಟೆ ಸಿಗುತ್ತವೆ. ಮನೆಯ ಈ ಪರಿಸ್ಥಿತಿಯಲ್ಲಿ ಹೊಸ ಕೋಚಿಂಗ್‌ಗೆ ದುಡ್ಡು ಸುರಿಯಬೇಡಿ.

ದಿನಕ್ಕೆ ಒಂದು ಗಂಟೆ ಸಾಕು. ಅರ್ಧ ಗಂಟೆ ಎರಡು ಮೂರು ಕಲಂ, ಉದಾಹರಣೆ ಸಮೇತ. ಉಳಿದರ್ಧ ಗಂಟೆಯಲ್ಲಿ ಪುಸ್ತಕ ಮುಚ್ಚಿ ಒಂದು ಪ್ರಶ್ನೆಗೆ ಮೂರು ಪ್ಯಾರಾದ ಉತ್ತರ. ಆಮೇಲೆ ಮಾದರಿ ಉತ್ತರದ ಜೊತೆ ಹೋಲಿಸಿ, ಕೆಂಪು ಪೆನ್ನು ನಿಮ್ಮ ಕೈಯಲ್ಲೇ ಇರಲಿ. ಭಾನುವಾರ ಹೊಸದೇನೂ ಬೇಡ, ವಾರದ ತಪ್ಪುಗಳನ್ನು ಮಾತ್ರ ಓದಿ. ಬರೆಯದೆ ಬರೀ ಓದುವ ಕಾನೂನು ದಡದಲ್ಲಿ ಕುಳಿತು ಕಲಿತ ಈಜು. ಉಳಿದ ಮೂರು ಪತ್ರಿಕೆಗಳನ್ನು ಮಾತ್ರ ತುಕ್ಕು ಹಿಡಿಯಲು ಬಿಡಬೇಡಿ.

ಸಿ.ಎ. ಬಿಡಬೇಕೇ ಎಂದು ಕೇಳಿದ್ದೀರಿ. ಕಾನೂನು ಬರುವುದಿಲ್ಲ ಎಂಬ ಕಾರಣಕ್ಕೆ ಬೇಡ. ಬಿಟ್ಟು ಬರೀ ಲೆಕ್ಕಕ್ಕೆ ಹೋದರೂ ಕರಾರು ನಿಮ್ಮನ್ನು ಬಿಡುವುದಿಲ್ಲ. ಆದಾಯವನ್ನು ಯಾವಾಗ ಪುಸ್ತಕಕ್ಕೆ ತೆಗೆದುಕೊಳ್ಳಬೇಕೆಂದು ಹೇಳುವ ಇಂಡ್ ಎಎಸ್ 115ರ ಐದು ಹೆಜ್ಜೆಗಳಲ್ಲಿ ಮೊದಲನೆಯದು ಗಿರಾಕಿಯೊಡನೆ ಕರಾರು ಇದೆಯೇ ಎಂದು ಗುರುತಿಸುವುದು. ಫೀ ಕಟ್ಟುವ ಶಕ್ತಿ ಇಲ್ಲವೆಂದಾದರೆ ಅದು ಬೇರೆ ಕಾರಣ, ಮರ್ಯಾದೆಯ ಕಾರಣ. ಆಗ ಒಂದು ಸರದಿ ಬಿಟ್ಟು ಮುಂದಿನದಕ್ಕೆ ಕೂರಿ. ಆದರೆ ಎರಡು ಕಾರಣಗಳನ್ನು ಒಂದೇ ಖಾತೆಗೆ ಹಾಕಬೇಡಿ.

ಈಗ ಅಪ್ಪನ ಪ್ರಶ್ನೆ. ‘ಸಾಲ ತಗೊಂಡವನು ನಾನಲ್ಲ, ನನ್ನನ್ಯಾಕೆ ಕೇಳ್ತಾರ?’ ಉತ್ತರ ಕಲಂ 128ರಲ್ಲಿದೆ, ಕೇಳಲು ಕಹಿಯಾಗಿದೆ. ಕರಾರಿನಲ್ಲಿ ಬೇರೆ ಹೇಳಿರದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಗೆ ಸಮ. ಮೊದಲು ಸಾಲಗಾರನ ಬೆನ್ನು ಹತ್ತಿ, ಆಮೇಲೆ ನನ್ನ ಬಳಿ ಬನ್ನಿ ಎನ್ನುವ ಹಾಗಿಲ್ಲ. ಆದರೆ ಕಾಯ್ದೆ ಅಲ್ಲಿಗೇ ನಿಲ್ಲುವುದಿಲ್ಲ. ಸೊಸೈಟಿಯವರು ಅಪ್ಪನ ಒಪ್ಪಿಗೆ ಇಲ್ಲದೆ ಸಾಲದ ಷರತ್ತು ಬದಲಿಸಿದ್ದರೆ, ಆಮೇಲಿನ ವ್ಯವಹಾರಕ್ಕೆ ಅವರು ಹೊಣೆಯಲ್ಲ ಎನ್ನುತ್ತದೆ ಕಲಂ 133. ಅಪ್ಪ ಬಾಕಿ ಕಟ್ಟಿದರೆ ಸೊಸೈಟಿಗೆ ಸಾಲಗಾರನ ಮೇಲಿದ್ದ ಹಕ್ಕೆಲ್ಲ ಕಲಂ 140ರಂತೆ ಅಪ್ಪನಿಗೆ ಬರುತ್ತದೆ. ನ್ಯಾಯವಾಗಿ ಕಟ್ಟಿದ ಹಣವನ್ನು ಗೆಳೆಯನಿಂದ ವಸೂಲಿ ಮಾಡುವ ಹಕ್ಕು ಕಲಂ 145ರದ್ದು. ಇನ್ನೊಬ್ಬರೂ ಜಾಮೀನು ಹಾಕಿದ್ದರೆ ಭಾರ ಸಮಪಾಲಾಗುತ್ತದೆ, ಅದು 146.

ಇದಿಷ್ಟನ್ನೇ ನಂಬಿ ಸೊಸೈಟಿಗೆ ವಾದ ಮಾಡಲು ಹೋಗಬೇಡಿ. ಜಾಮೀನು ಪತ್ರದ ಪ್ರತಿ, ಸಾಲದ ಖಾತೆಯ ಉತಾರ, ಬಂದ ನೋಟಿಸ್ ಮೂರನ್ನೂ ಒಂದು ಫೈಲ್ ಮಾಡಿ ವಕೀಲರಿಗೆ ತೋರಿಸಿ. ನೋಟಿಸಿಗೆ ಉತ್ತರ ಕೊಡದೆ ಸುಮ್ಮನಿರುವುದು ಎಲ್ಲಕ್ಕಿಂತ ಕೆಟ್ಟದ್ದು. ವಕೀಲರ ಫೀ ಕಷ್ಟವಾದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಆದಾಯದ ಮಿತಿಯೊಳಗೆ ಇರುವವರಿಗೆ ಅಲ್ಲಿ ಉಚಿತ ನೆರವಿದೆ.

ನಿಮ್ಮ ಮೊದಲ ದಿನದ ಪಾಠವನ್ನು ಕಲಂ 2ರಿಂದ ಶುರು ಮಾಡಬೇಡಿ. ಇವತ್ತು ರಾತ್ರಿ 128, 133, 140, 145, 146, ಈ ಐದನ್ನು ನಿಮ್ಮದೇ ಕನ್ನಡದಲ್ಲಿ ಒಂದೊಂದು ವಾಕ್ಯ ಮಾಡಿ ಬರೆಯಿರಿ. ಬರೆದು ಅಪ್ಪನ ಎದುರು ಕುಳಿತು ಓದಿ ಹೇಳಿ. ಅವರು ಎಲ್ಲಿ ತಡೆದು ‘ಅಂದ್ರ ಏನವ್ವಾ?’ ಎಂದು ಕೇಳುತ್ತಾರೋ, ಅಲ್ಲಿ ನಿಮಗೂ ಪೂರ್ತಿ ತಿಳಿದಿಲ್ಲ ಎಂದು ಗುರುತು ಹಾಕಿಕೊಳ್ಳಿ. ನಾಳೆ ಓದಬೇಕಾದದ್ದು ಅದನ್ನೇ.